ಅಳತೆಯ ಕುಬಸ

ಫೆಬ್ರವರಿ 3, ಸೋಮವಾರ

ಹೆಗಲ ಮೇಲಿನ ಕ್ಯಾಮೆರಾ ನನಗೇ ಸಿಕ್ಕಿತು, ನಮ್ಮ ಆಫೀಸಿನ ವಸಂತ್‌ಗಲ್ಲ, ನನಗೆ. ಬೆಳಗಿನಿಂದ ಇದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಅಮ್ಮನಿಗೆ ಹೇಳಿದೆ, ಪರಮಾನಂದನಿಗೆ ಹೇಳಿದೆ, ಹಾಲಿನ ಬೂತಿನವರಿಗೂ ಹೇಳಿದೆ. ಹೇಳಲು ಇನ್ನು ಯಾರೂ ಉಳಿದಿಲ್ಲವಾದ್ದರಿಂದ ಮದುವೆಗೆ ಬಂದ ಈ ಡೈರಿಯನ್ನು ತೆಗೆದು ಕೂತಿದ್ದೇನೆ. ನಮ್ಮ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದರು. ಈಗ ಹಾಕುವವರಿಲ್ಲ ಎಂಬ ಖುಷಿಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇವತ್ತು ಎಲ್ಲದಕ್ಕೂ ಖುಷಿ.

ಇಷ್ಟು ದಿನ ನನ್ನ ಕೆಲಸವೆಂದರೆ ವೈಟ್‌ಫೀಲ್ಡ್ ಕಂಪನಿಗಳ ಮೀಟಿಂಗಿನಲ್ಲಿ ಸ್ಟ್ಯಾಂಡಿನ ಹಿಂದೆ ನಿಲ್ಲುವುದು. ವೇದಿಕೆಯ ಮೇಲೆ ಒಬ್ಬರು ಮಾತಾಡುತ್ತಾರೆ, ನಾನು ಅವರ ತಲೆ ಫ್ರೇಮಿನಿಂದ ಹೊರಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ಈಗ ನಮ್ಮ ಪೀಣ್ಯದ ಆಫೀಸಿಗೆ ವರ್ಷಪೂರ್ತಿಯ ಕೆಲಸ ಬಂದಿದೆ. ಒಂದೊಂದು ಫ್ಯಾಕ್ಟರಿಯಲ್ಲಿ ಒಂದೊಂದು ಬಿಡಿಭಾಗವನ್ನು, ಅದು ಕಚ್ಚಾ ಲೋಹವಾಗಿ ಒಳಗೆ ಬಂದಾಗಿನಿಂದ ಡಬ್ಬಿ ಸೇರುವವರೆಗೆ, ಹಿಂದೆಯೇ ನಡೆದು ಒಂದೇ ಶಾಟಿನಲ್ಲಿ ತೆಗೆಯಬೇಕು. ಹೊಸ ಕೆಲಸಗಾರರಿಗೆ ತೋರಿಸಲು.

ನಮ್ಮ ಬಾಸ್ ಲೋಕೇಶ್ ಸರ್ ಹೇಳಿದ್ದು ಇಷ್ಟು: "ಅಲ್ಲಿ ಸ್ಟ್ಯಾಂಡ್ ಹಾಕೋಕೆ ಜಾಗ ಇಲ್ಲ, ಟ್ರಾಲಿ ಎಳೆಯೋಣ ಅಂದ್ರೆ ನೆಲದ ಮೇಲೆಲ್ಲ ಆಯಿಲ್. ಕ್ಯಾಮೆರಾ ಹೆಗಲ ಮೇಲಿರ್ಬೇಕು, ನೀನು ನಡೀತಾ ಇರ್ಬೇಕು, ಮಧ್ಯೆ ಕಟ್ ಇಲ್ಲ. ಹಳೇ ರಿಗ್ ವಸಂತ್ ಹೆಗಲಿಗೆ ಸವೆದು ಹೋಗಿದೆ. ನಿಂಗೊಂದು ಹೊಸದು ಆರಿಸ್ಕೊ. ತಿಂಗಳ ಕೊನೆಗೆ ಮಾಕಳಿ ಫ್ಯಾಕ್ಟರೀಲಿ ಟೆಸ್ಟ್. ಫ್ರೇಮ್ ನೆಟ್ಟಗಿದ್ರೆ ಕ್ಯಾಮೆರಾ ನಿಂದು. ಇಲ್ಲಾಂದ್ರೆ ವಸಂತ್ ಹೊರ್ತಾನೆ, ನೀನು ಎಡಿಟಿಂಗ್‌ಗೆ ಕೂತ್ಕೊ."

ರಿಗ್ ಎಂದರೆ ಕ್ಯಾಮೆರಾವನ್ನು ಹೆಗಲ ಮೇಲೆ ಕೂರಿಸುವ ಚೌಕಟ್ಟು. ಮುಂದೆ ಎರಡು ಹಿಡಿ, ಹೆಗಲಿಗೆ ಒಂದು ಮೆತ್ತೆ, ಕ್ಯಾಮೆರಾ ಮುಂದಕ್ಕೆ ಮುಗ್ಗರಿಸದ ಹಾಗೆ ಬೆನ್ನ ಹಿಂದೆ ಒಂದು ತೂಕ. ಇದನ್ನು ಸಂಜೆ ಪರಮ್‌ಗೆ ವಿವರಿಸುವಾಗ ಅವನು ಅರ್ಧದಲ್ಲೇ ಪೆನ್ಸಿಲ್ ತೆಗೆದ. ಅವನು ಪೀಣ್ಯದಲ್ಲಿ ಅಚ್ಚು, ಉಪಕರಣ ಮಾಡುವ ಒಂದು ಟೂಲ್ ರೂಮಿನಲ್ಲಿ ಎಂಜಿನಿಯರ್. ನಾವು ಭೇಟಿಯಾದದ್ದೂ ಅಲ್ಲೇ, ಅವರ ಆಯುಧಪೂಜೆಯನ್ನು ನಾನು ಶೂಟ್ ಮಾಡಲು ಹೋದಾಗ.

"ಅಂಗಡಿ ಮಾಲು ಯಾರದೋ ಹೆಗಲಿಗೆ ಮಾಡಿರ್ತಾರ. ನಿನ್ನ ಹೆಗಲಿಗೆ ನಾ ಮಾಡಿ ಕೊಡ್ತೀನಿ" ಎಂದ.

ಬೇರೆ ಹೆಂಗಸರಿಗೆ ಗಂಡಂದಿರು ಸರ ಮಾಡಿಸಿಕೊಡುತ್ತಾರೆ. ನನ್ನ ಗಂಡ ರಿಗ್ ಮಾಡುತ್ತಾನೆ. ನನ್ನ ಗಂಡ ಎಂದು ಬರೆಯಲು ಇನ್ನೂ ನಗು ಬರುತ್ತದೆ. ಮದುವೆಯಾಗಿ ಎರಡು ತಿಂಗಳಾಗಿದೆಯಷ್ಟೆ.

ಫೆಬ್ರವರಿ 5, ಬುಧವಾರ

ಆದರೂ ಅಂಗಡಿಯಲ್ಲಿ ಏನಿದೆ ಎಂದು ನೋಡಿಬರೋಣವೆಂದು ವಸಂತ್ ಕರೆದುಕೊಂಡು ಹೋದ. ಕ್ಯಾಮೆರಾ ಕೈತಪ್ಪಿದ್ದಕ್ಕೆ ಅವನಿಗೆ ಬೇಸರವಿದ್ದಂತಿಲ್ಲ. "ನಂಗೆ ಬೆನ್ನು ನೋವು ಗುರು, ನೀನೇ ಹೊರು" ಎನ್ನುತ್ತಾನೆ. ಟೆಸ್ಟಿನಲ್ಲಿ ನಾನು ಸೋತರೆ ಬೆನ್ನು ನೋವು ಮರೆತು ತಾನೇ ಹೊರುತ್ತಾನೆ, ಅದೂ ಗೊತ್ತು.

ಮೊದಲನೆಯದನ್ನು ಹಾಕಿಕೊಂಡಾಗ ನಾನು ಅದನ್ನು ಹೊತ್ತಿದ್ದೇನೋ ಅದು ನನ್ನನ್ನು ಹೊತ್ತಿದೆಯೋ ತಿಳಿಯಲಿಲ್ಲ. ಎರಡನೆಯದಕ್ಕೆ ಎದೆಯ ಮೇಲೆ ಊರಿಕೊಳ್ಳುವ ಒಂದು ತಟ್ಟೆ ಇತ್ತು. ವಸಂತ್, "ಎದೆಗೆ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕು ಇದನ್ನ, ಹಿಂಗೆ..." ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿ, ಅಂಗಡಿಯ ಫ್ಯಾನನ್ನು ನೋಡತೊಡಗಿದ. ಆ ರಿಗ್ ಮಾಡಿದವರಿಗೆ ಹೆಂಗಸರು ಕ್ಯಾಮೆರಾ ಹಿಡಿಯುತ್ತಾರೆ ಎಂಬ ಸುದ್ದಿ ತಲುಪಿಲ್ಲ. ಅಂಗಡಿಯವರು, "ಲೇಡೀಸ್‌ಗೆ ಇದು ಬರುತ್ತೆ ಮೇಡಂ" ಎಂದು ಮೊಬೈಲ್ ಫೋನ್ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಕೋಲನ್ನು ತೋರಿಸಿದರು.

ಹಿಂದಿನ ಕಪಾಟಿನಲ್ಲಿ ಒಂದು ಸಾದಾ ರಿಗ್ ಇತ್ತು. ಅದರ ಮೆತ್ತೆಯನ್ನು ಕುತ್ತಿಗೆಯ ಕಡೆಗೂ ತೋಳಿನ ಕಡೆಗೂ ಸರಿಸಬಹುದು, ಹಿಂದಿನ ತೂಕವನ್ನೂ ಬೇಕಾದಷ್ಟು ಎಳೆಯಬಹುದು. ಅದನ್ನು ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದೆ, ಬಾಗಿಲಲ್ಲಿ ನಿಂತು ರಸ್ತೆ ನೋಡಿದೆ, ಅಂಗಡಿಯವರ ಜೊತೆ ಮಾತಾಡಿದೆ. "ಕ್ಯಾಮೆರಾ ಇಳಿಸು ಗುರು, ಊಟಕ್ಕೆ ಹೋಗೋಣ" ಎಂದು ವಸಂತ್ ಹೇಳಿದಾಗಲೇ ಅದು ಹೆಗಲ ಮೇಲಿರುವುದು ನೆನಪಾದದ್ದು.

ಮನೆಗೆ ಬರುವಷ್ಟರಲ್ಲಿ ಪರಮ್ ಊಟದ ಮೇಜಿನ ತುಂಬ ಡ್ರಾಯಿಂಗ್ ಹರಡಿ ಕೂತಿದ್ದ. "ಅಂಗಡ್ಯಾಗ ಏನರ ಇತ್ತೇನು?" ಎಂದ. ಎಲ್ಲ ವೇಸ್ಟ್ ಎಂದೆ. ಪೂರ್ತಿ ನಿಜವಲ್ಲ. ಆದರೆ ಅವನ ಮುಖ ನೋಡಬೇಕಿತ್ತು.

ಫೆಬ್ರವರಿ 7, ಶುಕ್ರವಾರ

ಹೆಗಲ ಅಳತೆಗೆ ಟೇಪ್ ತಂದುಕೊಟ್ಟೆ. ಅವನು ಬೇಡವೆಂದ. ಟೇಪು ಮೈಯನ್ನಷ್ಟೇ ಅಳೆಯುತ್ತದಂತೆ. ಹೆಗಲು ಎಲ್ಲಿ ಶುರುವಾಗಿ ಎಲ್ಲಿ ಇಳಿಯುತ್ತದೆ ಎನ್ನುವುದು ಟೈಲರ್ ಹೊಲಿದ ಬ್ಲೌಸಿಗೆ ಗೊತ್ತಿರುತ್ತದಂತೆ. "ಅಳತಿಗೆ ಇಟ್ಟಿರ್ತಾರಲ್ಲ ಒಂದು, ಕಪಾಟಿನ್ಯಾಗ ಸಿಕ್ತು. ವರ್ಕ್‌ಶಾಪಿಗೆ ಒಯ್ದೀನಿ. ಮುಗಿಯೋ ತನಕ ನೀ ನೋಡಂಗಿಲ್ಲ, ಕೇಳಂಗಿಲ್ಲ."

ಊಟದ ಡಬ್ಬಿಯ ಚೀಲದಲ್ಲಿ ಹೆಂಡತಿಯ ಬ್ಲೌಸ್ ಇಟ್ಟುಕೊಂಡು ಟೂಲ್ ರೂಮಿಗೆ ಹೋದ ಎಂಜಿನಿಯರ್ ಪೀಣ್ಯದಲ್ಲಿ ಇನ್ನೊಬ್ಬನಿರಲಾರ. ಹೊಸ ಪದವನ್ನೂ ಕಲಿಸಿದ. ಅವರ ಘಟಪ್ರಭೆಯ ಕಡೆ ಹಳಬರು ಬ್ಲೌಸಿಗೆ ಕುಬಸ ಎನ್ನುತ್ತಾರಂತೆ. ಕುಬಸ, ಕುಬಸ ಎಂದು ಚಪಾತಿ ಲಟ್ಟಿಸುವಾಗಲೆಲ್ಲ ಹೇಳಿಕೊಂಡೆ. ಅತ್ತೆಯ ಹತ್ತಿರ ಒಮ್ಮೆ ಪ್ರಯೋಗಿಸಬೇಕು.

ಫೆಬ್ರವರಿ 9, ಭಾನುವಾರ

ಪ್ರಯೋಗಿಸಿದೆ.

ಬೆಳಿಗ್ಗೆ ಪರಮ್ ಭಾನುವಾರವೂ ಬಿಡದೆ ವರ್ಕ್‌ಶಾಪಿಗೆ ಹೋಗಿದ್ದ. ಹನ್ನೊಂದರ ಹೊತ್ತಿಗೆ ಮನೆಗೆ ಬಂದು ಮತ್ತೆ ಡ್ರಾಯಿಂಗ್ ತಿದ್ದುತ್ತ ಕೂತಿದ್ದ. ಅಷ್ಟರಲ್ಲಿ ನನ್ನ ಫೋನಿಗೆ ಅತ್ತೆ ಮಾಡಿದರು. ಅವರ ಹೆಸರು ಚನ್ನಕ್ಕ. ಚನ್ನಕ್ಕ ಎಂದರೆ ಅವರ ಓಣಿಯಲ್ಲಿ ಎಲ್ಲರೂ ದಾರಿ ಬಿಡುತ್ತಾರಂತೆ. ನಾನಿನ್ನೂ ಅವರ ಜೊತೆ ನಿಂತುಕೊಂಡೇ ಮಾತಾಡುತ್ತೇನೆ.

"ಪರಮ್ಯಾ ಎಲ್ಲದಾನ ಯವ್ವಾ? ಫೋನ್ ಎತ್ತವಲ್ಲ."

"ಇಲ್ಲೇ ಇದ್ದಾರೆ ಅತ್ತೆ. ಕುಬಸದ ಕೆಲಸದಲ್ಲಿ ಬಿಜಿ. ಎರಡು ದಿನದಿಂದ ಅದೇ."

"ಯಾರದ ಕುಬಸ?"

"ನಂದೇ ಅತ್ತೆ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ನನ್ನ ಉಚ್ಚಾರಣೆಯನ್ನು ಮೆಚ್ಚಿಕೊಂಡರು ಎಂದುಕೊಂಡೆ.

"ನಿಂದ?"

"ಹೂಂ ಅತ್ತೆ. ಈ ತಿಂಗಳೇ ಮುಗಿಸ್ತಾರಂತೆ. ಲೇಟಾದ್ರೆ ನಂಗೇ ಕಷ್ಟ, ಭಾರ ಹೊರೋಳು ನಾನಲ್ವಾ."

"ಮದುವಿ ಆಗಿ ಎಷ್ಟ ದಿನ ಆತು?"

"ಎರಡು ತಿಂಗಳು ಅತ್ತೆ."

"ಎರಡಕ್ಕ ಯಾರರ ಕುಬಸ ಮಾಡ್ತಾರೇನು? ಐದಕ್ಕ ಮಾಡ್ತಾರ, ಏಳಕ್ಕ ಮಾಡ್ತಾರ. ಅದೂ ಗಂಡ್ಸು ಮುಂದ ಕುಂತು ಮಾಡೋದು ಎಲ್ಲೆರ ಉಂಟೇನು? ಆ ಹುಚ್ಚಪ್ಯಾಲಿಗೆ ಕೊಡು ಫೋನು."

ಕೊಟ್ಟೆ. ಪರಮ್ ಒಂದು ನಿಮಿಷ ಕೇಳಿಸಿಕೊಂಡ, ಕಿವಿಯೆಲ್ಲ ಕೆಂಪಾಗಿ ಫೋನು ಹಿಡಿದುಕೊಂಡೇ ಮೆಟ್ಟಿಲ ಕಡೆ ಹೋದ. ಆಮೇಲೆ ಬಂದು ಹೇಳಿದ. ಬಸುರಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರಕ್ಕೂ ಅವರ ಕಡೆ ಕುಬಸ ಎಂದೇ ಹೆಸರಂತೆ. ಇದನ್ನು ಶುಕ್ರವಾರ ಹೇಳಲು ಅವನಿಗೆ ಹೊಳೆಯಲಿಲ್ಲವಂತೆ. "ಅವ್ವ ಹಸರ ಸೀರಿ ತಗಿಯಾಕ ಪೆಟಗಿ ತನಕ ಹೋಗಿದ್ಲಂತ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ನನಗೆ ಅಳುವೂ ಬಂದಿತ್ತು.

ಮತ್ತೆ ಫೋನು ನನ್ನ ಕೈಗೆ ಬಂದಾಗ ಅತ್ತೆ ಸಿಟ್ಟಾಗಿರಲಿಲ್ಲ. "ಇರ್ಲಿ ಬಿಡು. ಶಿವರಾತ್ರಿಗೆ ಬಾ. ಹೊಸಾ ಸೊಸಿ ಮೊದಲನೇ ಶಿವರಾತ್ರಿ ಜಾಗರಣಿ ಮನ್ಯಾಗ ಮಾಡ್ಬೇಕು" ಎಂದರು. ಬರುತ್ತೇನೆ ಎಂದೆ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಫೆಬ್ರವರಿ 13, ಗುರುವಾರ

ರಿಗ್ ಬಂತು. ಇಷ್ಟು ಚಂದದ ವಸ್ತುವನ್ನು ನನಗೆಂದು ಯಾರೂ ಮಾಡಿರಲಿಲ್ಲ. ಕಪ್ಪು ಅಲ್ಯೂಮಿನಿಯಂ, ಎಲ್ಲ ಮೂಲೆಗಳನ್ನೂ ಕೈಗೆ ತಾಗದಂತೆ ಉಜ್ಜಿದ್ದಾನೆ. ಮೆತ್ತೆಗೆ ಕಂದು ರೆಕ್ಸಿನ್, ಹಿಂದೆ ಹಿತ್ತಾಳೆಯ ದುಂಡನೆಯ ತೂಕ, ಹೆಗಲ ಪಟ್ಟಿಯ ಮೇಲೆ ಮಷೀನಿನಲ್ಲಿ ಕೊರೆದ ಕನ್ನಡ ಅಕ್ಷರಗಳಲ್ಲಿ ನನ್ನ ಹೆಸರು. ಅವರ ಟೂಲ್ ರೂಮಿನವರೆಲ್ಲ ಒಂದೊಂದು ಸಲ ಹೆಗಲಿಗೇರಿಸಿ ನೋಡಿದರಂತೆ.

ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಪರಮ್ ಫೋಟೊ ತೆಗೆದು ಎರಡೂ ಮನೆಯ ಗ್ರೂಪಿಗೆ ಕಳಿಸಿದ. "ಹೆಂಗೈತಿ?" ಎಂದು ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ಸೂಪರ್ ಎಂದೆ. ತುಸು ಹೊರಗೆ ಜಾರುತ್ತದೆ, ಅಷ್ಟೆ. ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದೆ.

ಫೆಬ್ರವರಿ 15, ಶನಿವಾರ

ಮನೆಯ ಹತ್ತಿರ, ಚಿಕ್ಕಬಾಣಾವರ ಸ್ಟೇಷನ್ನಿನ ಪಕ್ಕದ ರಸ್ತೆಯಲ್ಲಿ ಕ್ಯಾಮೆರಾ ಹೊತ್ತು ನಡೆದು ಅಭ್ಯಾಸ ಮಾಡಿದೆ. ಪರಮ್ ಮುಂದೆ ಹಿಮ್ಮುಖವಾಗಿ ನಡೆಯುತ್ತ ಹಳ್ಳ, ನಾಯಿ, ಸ್ಕೂಟರ್ ಎಂದು ಎಚ್ಚರಿಸುತ್ತಿದ್ದ. ಮೆತ್ತೆ ಕುತ್ತಿಗೆಯ ಹತ್ತಿರ ಕೂರುವುದಿಲ್ಲ, ತೋಳು ಶುರುವಾಗುವ ಮೂಳೆಯ ಮೇಲೆ ಕೂರುತ್ತದೆ. ಬೀಳದಂತೆ ಹೆಗಲನ್ನು ಎತ್ತಿ ಹಿಡಿಯಬೇಕು. ಎತ್ತಿ ಹಿಡಿದರೆ ತಲೆ ವಾಲುತ್ತದೆ.

ನನ್ನ ಹೆಗಲೇ ಸರಿಯಿಲ್ಲವೇನೋ. ಅಭ್ಯಾಸವಾದರೆ ಸರಿಹೋಗಬಹುದು.

ಫೆಬ್ರವರಿ 17, ಸೋಮವಾರ

ಆಫೀಸಿನಲ್ಲಿ ಶನಿವಾರದ ಶಾಟ್ ನೋಡಿದೆವು. ವಸಂತ್ ಕುರ್ಚಿಯಲ್ಲಿ ತಾನೂ ಬಲಕ್ಕೆ ವಾಲಿಕೊಂಡು ಕೂತು ನೋಡಿದ.

"ಇದೇನ್ ಗುರು, ರೈಲ್ವೆ ಸ್ಟೇಷನ್ನೇ ಸೈಡ್ ಹೊಡೀತಿದೆ?"

"ರಿಗ್ ಹೊಸದು."

"ಅಂಗಡೀಲಿ ಒಂದ್ ಹಾಕ್ಕೊಂಡು ಓಡಾಡ್ದಲ್ಲ, ಅದನ್ನ ತಗೊ."

"ಇದು ಪರಮ್ ಕೈಯಲ್ಲೇ ಮಾಡಿದ್ದು ಕಣೋ."

"ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗ್ತಿದೆ."

ಲೋಕೇಶ್ ಸರ್ ನಗಲಿಲ್ಲ. ಟೆಸ್ಟ್ ಇಪ್ಪತ್ತೇಳಕ್ಕೆ ಎಂದರು. ಶಿವರಾತ್ರಿ ಇಪ್ಪತ್ತಾರಕ್ಕೆ. ರಾತ್ರಿಯೆಲ್ಲ ಘಟಪ್ರಭೆಯಲ್ಲಿ ಜಾಗರಣೆ ಮಾಡಿದರೆ ಬೆಳಿಗ್ಗೆ ಮಾಕಳಿಯಲ್ಲಿ ಇರಲಾಗುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಪರಮ್ ಮಂಗಳವಾರ ರಾತ್ರಿಯ ಟಿಕೆಟ್ ತೆಗೆದಾಗಿದೆ.

ಫೆಬ್ರವರಿ 19, ಬುಧವಾರ

ಫ್ರೇಮ್ ಇವತ್ತೂ ಬಲಕ್ಕೆ. ಬಲಗೈಯಲ್ಲಿ ತಲೆ ಬಾಚಲಾಗಲಿಲ್ಲ.

ಫೆಬ್ರವರಿ 23, ಭಾನುವಾರ

ಒಬ್ಬಳೇ ವರ್ತೂರಿನ ತವರುಮನೆಗೆ ಹೋಗಿದ್ದೆ. ಪರಮ್‌ಗೆ ಓವರ್‌ಟೈಮ್. ಅಮ್ಮ ಎಣ್ಣೆ ಕಾಯಿಸಿ ತಲೆಗೆ ಹಚ್ಚುತ್ತೇನೆಂದು ಹಿತ್ತಲಿನಲ್ಲಿ ಕೂರಿಸಿದರು. ನೈಟಿಯ ಭುಜ ಸರಿಸಿ ಅಲ್ಲೇ ಕೈ ನಿಲ್ಲಿಸಿದರು. ಮೂಳೆಯ ಮೇಲೆ ಅಂಗೈಯಗಲ ನೀಲಿಯಾಗಿತ್ತು. ಅಂಚಿನಲ್ಲಿ ಹಳದಿ ತಿರುಗಿತ್ತು.

ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಡೀತಾನಾ?"

ನಾನು ನಕ್ಕುಬಿಟ್ಟೆ. "ಇಲ್ಲಮ್ಮ. ಕ್ಯಾಮೆರಾ ಒತ್ತಿದ್ದು. ಅವನೇ ಒಂದು ರಿಗ್ ಮಾಡಿಕೊಟ್ಟಿದ್ದಾನೆ, ಅದು."

"ಅವನು ಮಾಡ್ಕೊಟ್ಟಿದ್ದಾ?"

"ಪ್ರೀತಿಯಿಂದ ಮಾಡಿದ್ದು."

"ಇಂಗಾಗಿದೆ ಅಂತ ಅವನಿಗೆ ಏಳಿದ್ಯಾ?"

"ಇಲ್ಲ."

"ಯಾಕೆ?"

"ಬೇಜಾರ್ ಮಾಡ್ಕೋತಾನೆ."

ಅಮ್ಮ ಒಳಗಿನಿಂದ ಬಿಸಿನೀರು ತಂದರು. ಬಟ್ಟೆಯನ್ನು ಅದರಲ್ಲಿ ಅದ್ದಿ ಶಾಖ ಕೊಟ್ಟರು. ಆಮೇಲೆ ಒಳಗೆ ಅಪ್ಪನಿಗೆ ಹೇಳುವುದು ಕೇಳಿಸಿತು: "ಕ್ಯಾಮೆರಾ ಒತ್ತಿದ್ದಂತೆ." ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುವ ಹೆಂಗಸರ ಬಗ್ಗೆ ಅವರು ಯಾವ ದನಿಯಲ್ಲಿ ಮಾತಾಡುತ್ತಾರೋ ಅದೇ ದನಿ. ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ಎಂದೂ ಇಲ್ಲದವರು ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಬಂದು, ಬಸ್ಸು ಹೊರಡುವವರೆಗೆ ನಿಂತಿದ್ದರು.

ದಾರಿಯುದ್ದಕ್ಕೂ ಯೋಚಿಸಿದೆ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೇಳಲು ಮಾತ್ರ ಸುಳ್ಳಿನ ಹಾಗಿತ್ತು.

ಫೆಬ್ರವರಿ 24, ಸೋಮವಾರ

ಅತ್ತೆ ಫೋನ್ ಮಾಡಿದ್ದರು. ಬರುವಾಗ ಅವರ ಬದನೆಕಾಯಿ ಬಣ್ಣದ ಕುಬಸ ತರಬೇಕಂತೆ. ಮದುವೆಯಾದ ಮೇಲೆ ನಮ್ಮ ಮನೆ ಹೂಡಿಕೊಡಲು ಬಂದಿದ್ದಾಗ ಇಲ್ಲಿಯ ಟೈಲರಿಗೆ ಅಳತೆಗೆ ಕೊಟ್ಟು, ವಾಪಸು ತಂದು ಕಪಾಟಿನಲ್ಲಿಟ್ಟು ಮರೆತಿದ್ದರಂತೆ. "ಅಳತಿದು ಅದೊಂದ ಐತಿ ನೋಡು ನನ್ನ ಕಡೆ. ಕೆಳಗಿನ ಖಾನ್ಯಾಗ ಐತಿ."

ಕೆಳಗಿನ ಖಾನೆಯಲ್ಲಿ ಇರಲಿಲ್ಲ. ಆಮೇಲೆ ನೆನಪಾಯಿತು, ನನ್ನ ಅಳತೆ ಬ್ಲೌಸ್ ವರ್ತೂರಿನಲ್ಲೇ ಇದೆ. ಈ ಮನೆಗೆ ಅದು ಬಂದೇ ಇಲ್ಲ.

ಪರಮ್ ಬಂದ ಮೇಲೆ, "ಅಳತೆಗೆ ಒಯ್ದಿದ್ದು ಯಾವ ಬಣ್ಣ?" ಎಂದೆ.

"ಬದನಿಕಾಯಿ ಬಣ್ಣ."

"ಅದು ನಿಮ್ಮ ಅವ್ವಂದು."

ಅವನು ಚೀಲದಿಂದ ಅದನ್ನು ತೆಗೆದು ಎರಡೂ ಕೈಯಲ್ಲಿ ಬಿಡಿಸಿ ಹಿಡಿದ. ನನ್ನ ಕಡೆ ನೋಡಿದ, ಮತ್ತೆ ಅದರ ಕಡೆ ನೋಡಿದ. ನಾನು ಕುರ್ತಾದ ಭುಜ ಸರಿಸಿ ತೋರಿಸಿದೆ. ಅವನು ಕುರ್ಚಿಯಲ್ಲಿ ಕೂತ.

"ಎಂದಿನಿಂದ?"

"ಮೊದಲನೇ ದಿನದಿಂದ."

"ಒಂದ ದಿನ ಕೊಡು. ನಿನ್ನ ಅಳತಿಗೆ ಮತ್ತ ಮಾಡ್ತೀನಿ. ನಾಳೆ ಗಾಡಿ ಹತ್ತೂದ್ರೊಳಗ ಮುಗಿಸ್ತೀನಿ."

ಹೂಂ ಎನ್ನಬಹುದಿತ್ತು. ತಪ್ಪೆಲ್ಲ ಕುಬಸದ ಮೇಲೆ ಹೋಗುತ್ತಿತ್ತು, ಇಬ್ಬರೂ ನಕ್ಕು ಊಟ ಮಾಡುತ್ತಿದ್ದೆವು. "ಬೇಡ" ಎಂದೆ. "ನನ್ನ ಬ್ಲೌಸ್ ಒಯ್ದಿದ್ರೂ ನಂಗೆ ಇದು ಬೇಡವಾಗಿತ್ತು ಪರಮ್. ಬೆಳಿಗ್ಗೆ ಒಂದು ಥರ ನಿಲ್ತೀನಿ, ಸುಸ್ತಾದಾಗ ಇನ್ನೊಂದು ಥರ. ಮೆತ್ತೆ ಸರಿಸೋಕೆ ಬರ್ಬೇಕು. ಅಂಥದ್ದು ಅಂಗಡೀಲಿ ನೋಡಿದ್ದೆ."

"ಯಾವಾಗ?"

"ನೀನು ಶುರು ಮಾಡೋಕ್ಕೆ ಮುಂಚೆ."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ನೀನು ಖುಷಿಯಾಗಿದ್ದೆ. ನಾನೂ ಖುಷಿಯಾಗಿದ್ದೆ."

ಅವನು ರಿಗ್‌ನ ಹಿತ್ತಾಳೆ ತೂಕವನ್ನು ಬಿಚ್ಚಿದ, ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಊಟವಾದ ಮೇಲೆ ಪಾತ್ರೆಗಳನ್ನೆಲ್ಲ ಅವನೇ ತೊಳೆದ, ಅಗತ್ಯಕ್ಕಿಂತ ಜೋರಾಗಿ. ನಾನು ತಡೆಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಹೆಗಲಿಗೆ ಮುಲಾಮು ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿ 25, ಮಂಗಳವಾರ

ಮಧ್ಯಾಹ್ನ ಅವನೇ ಬೈಕಿನಲ್ಲಿ ಅಂಗಡಿಗೆ ಕರೆದುಕೊಂಡು ಹೋದ. ಆ ರಿಗ್ ಕೈಗೆ ಬಂದ ಕೂಡಲೇ ಅವನ ಮಾತು ಶುರುವಾಯಿತು.

"ಈ ಸ್ಕ್ರೂ ಥ್ರೆಡ್ ನೋಡು. ಇದನ್ನ ಮಾಡಿದಾವ್ಗ ನಾಚಿಕಿ ಬರ್ಬೇಕು."

"ಹೌದಾ."

"ಈ ಕೀಲ ಆರು ತಿಂಗಳ ಬಾಳಿಕಿ ಬಂದ್ರ ಹೆಚ್ಚು."

"ಆರು ತಿಂಗಳಾದ ಮೇಲೆ ನೀನು ಕೀಲು ಮಾಡಿಕೊಡು."

ಅಂಗಡಿಯವರು ನಮ್ಮಿಬ್ಬರನ್ನೂ ನೋಡಿ, ಬೇಕೋ ಬೇಡವೋ ಎಂದು ಕೇಳಿದರು. ಬೇಕು ಎಂದೆ. ಪರಮ್ ಅಲ್ಲೇ ಕೂತು ಎಲ್ಲ ಸ್ಕ್ರೂಗಳನ್ನೂ ಬಿಗಿಮಾಡಿದ. ಮೆತ್ತೆಯನ್ನು ಕುತ್ತಿಗೆಯ ಕಡೆ ಸರಿಸಿ, "ಇಷ್ಟ?" ಎಂದ. ಇನ್ನೂ ಎಂದೆ. ಮತ್ತಷ್ಟು ಸರಿಸಿದ.

ಸಂಜೆ ಅತ್ತೆಗೆ ನಾನೇ ಫೋನ್ ಮಾಡಿದೆ. ಟೆಸ್ಟ್ ಗುರುವಾರ ಎಂದು ಅಂಗಡಿಯಿಂದ ಬರುವಾಗ ಪರಮ್‌ಗೆ ಹೇಳಿದ್ದೆ. ಅವ್ವನಿಗೆ ನಾನು ಹೇಳಲೇ ಎಂದು ಅವನು ಕೇಳಿದ್ದ. ಬೇಡವೆಂದೆ.

"ಅತ್ತೆ, ಶಿವರಾತ್ರಿಗೆ ಬರೋಕಾಗಲ್ಲ."

"ಯಾಕ, ಮೈಯಾಗ ಹುಷಾರಿಲ್ಲೇನು?"

ಅವರೇ ಒಂದು ಕಾರಣ ಕೈಗೆ ಕೊಟ್ಟಿದ್ದರು. "ಚೆನ್ನಾಗಿದ್ದೀನಿ. ಗುರುವಾರ ಕೆಲಸದಲ್ಲಿ ಟೆಸ್ಟ್ ಇದೆ."

"ಹೊಸಾ ಸೊಸಿ ಬರ್ತಾಳಂತ ಓಣಿಗೆಲ್ಲ ಹೇಳೀನಿ."

"ಗೊತ್ತು ಅತ್ತೆ. ಬರ್ತೀನಿ ಅಂತ ನಾನೇ ಹೇಳಿದ್ದೆ. ನೋಡ್ಕೊಂಡು ಹೇಳಬೇಕಿತ್ತು."

"ರಜಾ ಕೇಳು."

"ಕೇಳಿದ್ರೆ ಕ್ಯಾಮೆರಾ ಕೈಬಿಡುತ್ತೆ. ಕೇಳಲ್ಲ."

"ಆತು" ಎಂದು ಇಟ್ಟರು. ಅವರ ಕಡೆ ಆತು ಎಂದರೆ ಆಗಲಿ ಎಂದೂ ಆಗುತ್ತದೆ, ಮುಗಿಯಿತು ಎಂದೂ ಆಗುತ್ತದೆ. ಯಾವುದು ಎಂದು ಪರಮ್‌ನನ್ನು ಕೇಳಿದೆ. ತನಗೂ ಇಷ್ಟು ವರ್ಷದಿಂದ ಗೊತ್ತಾಗಿಲ್ಲ ಎಂದ. ಟಿಕೆಟ್ ಎರಡನ್ನೂ ರದ್ದು ಮಾಡಿದ.

ಫೆಬ್ರವರಿ 27, ಗುರುವಾರ

ಮಾಕಳಿ. ಪಂಪಿನ ಬಿಡಿಭಾಗ ಮಾಡುವ ಫ್ಯಾಕ್ಟರಿ. ಬೆಳಗಿನ ಶಿಫ್ಟು. ಎರಕದ ಒಂದು ತುಂಡನ್ನು ಬಾಗಿಲಿನಿಂದ ಹಿಂಬಾಲಿಸಿದೆ: ಮೊದಲು ಲೇತ್, ಆಮೇಲೆ ಡ್ರಿಲ್, ಆಮೇಲೆ ತೊಳೆಯುವ ತೊಟ್ಟಿ. ನೆಲದ ಹಳದಿ ಗೆರೆಯ ಒಳಗೇ ನಡೆಯಬೇಕು. ವಸಂತ್ ನನ್ನ ಹಿಂದೆ, ಬೆನ್ನಿಗೆ ಕೈ ಹಚ್ಚಿ ದಾರಿ ತೋರಿಸುತ್ತಿದ್ದ. ಲೋಕೇಶ್ ಸರ್ ಚಿಕ್ಕ ಮಾನಿಟರ್ ಹಿಡಿದು ಅವನ ಹಿಂದೆ.

ತೊಟ್ಟಿಯ ತಿರುವಿನಲ್ಲಿ ಒಂದು ಫೋರ್ಕ್‌ಲಿಫ್ಟ್ ಅಡ್ಡ ನಿಂತಿತ್ತು. ಅದು ಅಲ್ಲಿರಬಾರದಿತ್ತು. ವಸಂತ್ ಕಿವಿಯ ಹತ್ತಿರ, "ಕಟ್ ಮಾಡು ಗುರು, ಮತ್ತೆ ಮೊದಲಿಂದ ಹೋಗೋಣ" ಎಂದ. ಮಾಡಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತೆ. ತುಂಡಿನಿಂದ ನೀರು ತೊಟ್ಟಿಕ್ಕುವುದನ್ನೇ ಹಿಡಿದಿದ್ದೆ. ತೂಕ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು, ಕ್ಯಾಮೆರಾ ಮುಂದಕ್ಕೆ. ನಡುವೆ ನಾನಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಗಾಡಿ ಹಿಂದೆ ಸರಿಯಿತು. ಚಾಲಕರು ಮೇಲಿನಿಂದ, "ನಡೀರಿ ಅಕ್ಕಾರ, ದಾರಿ ಆತು" ಎಂದರು. ನಡೆದೆ. ತುಂಡು ಡಬ್ಬಿಗೆ ಬಿತ್ತು, ಮುಚ್ಚಳ ಬಿತ್ತು, ಕ್ಯಾಮೆರಾ ಇಳಿಸಿದೆ.

ಲೋಕೇಶ್ ಸರ್ ಮೊದಲಿನಿಂದ ಕೊನೆಯವರೆಗೆ ನೋಡಿದರು. ಫೋರ್ಕ್‌ಲಿಫ್ಟಿನ ಜಾಗ ಬಂದಾಗ ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದರು.

"ಆ ಡ್ರೈವರ್ ಮಾತು ಹಂಗೇ ಇರ್ಲಿ" ಎಂದರು. ಆಮೇಲೆ ತಲೆಯೆತ್ತದೆ, "ವಸಂತ್, ಶನಿವಾರದಿಂದ ನೀನು ಲೈಟ್ ನೋಡ್ಕೊ" ಎಂದರು.

ವಸಂತ್ ನನ್ನ ಕಡೆ ತಿರುಗಿ, "ನನ್ನ ಬೆನ್ನು ಬಚಾವ್" ಎಂದ. ನಗುವುದಕ್ಕೆ ಅವನಿಗೆ ಸ್ವಲ್ಪ ತಡವಾಯಿತು.

ಅಮ್ಮನಿಗೆ ಫೋಟೊ ಕಳಿಸಿದೆ. ಕ್ಯಾಮೆರಾದ್ದಲ್ಲ, ಹೆಗಲಿನದು. ಹಳದಿಯೂ ಮಾಸುತ್ತಿದೆ.

ಫೆಬ್ರವರಿ 28, ಶುಕ್ರವಾರ

ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಅತ್ತೆಯ ಫೋನು. ಪರಮ್‌ನ ನಂಬರಿಗಲ್ಲ, ನನ್ನದಕ್ಕೇ. ಟೆಸ್ಟ್ ಏನಾಯಿತೆಂದು ಕೇಳಿದರು. ಕ್ಯಾಮೆರಾ ನನ್ನದಾಯಿತು ಎಂದೆ.

"ನೀ ಬರಲಿಲ್ಲ. ಅದಕ್ಕ ನಾ ಬರಾಕತ್ತೀನಿ. ಓಣ್ಯಾಗ ಏನರ ಹೇಳ್ಬೇಕಲ್ಲ ನಾನೂ."

"ಯಾವಾಗ ಅತ್ತೆ?"

"ಇವತ್ತ ರಾತ್ರಿ ಗಾಡಿ ಹತ್ತತೀನಿ."

"ನಾಳೆ ಬೆಳಿಗ್ಗೆ ನಂಗೆ ಶೂಟಿಂಗ್ ಇದೆ. ನಾನು ಮನೇಲಿ ಇರಲ್ಲ."

"ನಿನಗ ಇರು ಅಂತ ಯಾರ ಅಂದಾರ? ಕೀಲಿ ಪರಮ್ಯಾನ ಕೈಯಾಗ ಕೊಟ್ಟು ಹೋಗು."

ಎಷ್ಟು ದಿನ ಇರುತ್ತೀರಿ ಎಂದು ಕೇಳಿದೆ. ಬಂದ ಮೇಲೆ ನೋಡೋಣ ಎಂದರು. ಅವರು ಯಶವಂತಪುರದಲ್ಲಿ ಇಳಿಯುವ ಹೊತ್ತಿಗೆ ನಾನು ಮಾಕಳಿಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿರುತ್ತೇನೆ. ಸಂಜೆ ಮನೆಗೆ ಬಂದಾಗ ಅವರು ಇರುತ್ತಾರೆ.

ಅತ್ತೆ ಬರುವುದು ಮಾರ್ಚ್ ಒಂದು, ಶನಿವಾರ ಬೆಳಿಗ್ಗೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.